ಬಾಣಂತಿ ಕಣ್ಣು ಬೀಳುವ ಗೋಡೆ

"ಕಣ್ಣು ಮುಚ್ಕೊ ಕಣವ್ವ, ತಲೆಗೆ ಉಯ್ತೀನಿ," ಎಂದು ಪುಟ್ಟತಾಯಮ್ಮ ಬಿಸಿನೀರಿನ ಚೊಂಬು ಎತ್ತುವುದಕ್ಕೂ, ಡಾಕ್ಟರ್ ಅಲಮೇಲು ಬಚ್ಚಲುಮನೆಯ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಡಾಕ್ಟರಮ್ಮ ಈ ಕಡೆ ತಲೆ ಹಾಕಿದ್ದು ಹದಿನೆಂಟು ವರ್ಷದಲ್ಲಿ ಇಲ್ಲ. ಸೌದೆ ಹೊಗೆ ಅಂದರೆ ಆಕೆಗೆ ಆಗದು.

"ಪುಟ್ಟತಾಯಿ, ಇದನ್ನ ಮುಗಿಸಿ ನನ್ನ ರೂಮಿಗೆ ಬಾ."

"ಇಲ್ಲೇ ಏಳಿ ಅವ್ವ. ಇವಳ್ದಾದ್ ಮೇಲೆ ಇನ್ನೂ ಮೂರು ಬಾಣಂತೀರವ್ರೆ. ಹಂಡೆ ಆರೋಯ್ತದೆ."

ಅಲಮೇಲು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಆಸ್ಪತ್ರೆ ಮಾರಾಟ ಆಗ್ತಿದೆ ಕಣೆ. ಮಾಲೀಕರು ಗೋವಿಂದರಾಜು ಅವರು ಯಾರೋ ರಾಮಸ್ವಾಮಿ ಅನ್ನೋ ಡಾಕ್ಟರಿಗೆ ಕೊಡ್ತಿದಾರೆ. ನರ್ಸಿಂಗ್ ಹೋಂ ಮಾಡ್ತಾರಂತೆ. ಇನ್ನು ಮೇಲೆ ಧರ್ಮದ ಹಾಸಿಗೆ ಇರೋಲ್ಲ. ಈ ಬಚ್ಚಲುಮನೆ ಕೆಡವಿ ಎಕ್ಸ್‌ರೇ ಕೋಣೆ ಕಟ್ತಾರಂತೆ."

ಪುಟ್ಟತಾಯಮ್ಮನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಕಣ್ಣು ಮುಚ್ಚಿ ಕೂತಿದ್ದ ಬಾಣಂತಿ ನೀರು ಯಾಕೆ ಬೀಳಲಿಲ್ಲ ಅಂತ ಒಂದು ಕಣ್ಣು ತೆರೆದು ನೋಡಿದಳು.

"ಸರ್ಕಾರ ಸುಮ್ಕಿದ್ದದಾ ಅವ್ವ? ಜಾಗ ಕೊಟ್ಟಿದ್ದು ಸರ್ಕಾರ ಅಂತಿದ್ರಲ್ಲ."

"ಸುಮ್ಮನೆ ಏನಿಲ್ಲ. ಸರ್ಕಾರದ ಒಪ್ಪಿಗೆ ಇಲ್ಲದೆ ಮಾರೋ ಹಾಗಿಲ್ಲ ಅಂತ ದಾನಪತ್ರದಲ್ಲೇ ಇದೆ. ಅದಕ್ಕೇ ಕಚೇರಿಯವರು, ಯಾರದಾದರೂ ತಕರಾರಿದ್ರೆ ಮೂವತ್ತು ದಿನದೊಳಗೆ ಬಂದು ಹೇಳಿ ಅಂತ ನಮ್ಮ ಗೇಟಿನ ಗೋಡೆ ಮೇಲೆ ನೋಟೀಸು ಅಂಟಿಸಿದ್ರಂತೆ. ಮೊನ್ನೆಗೆ ಮೂವತ್ತು ದಿನ ಮುಗೀತು. ಒಂದು ನರಪಿಳ್ಳೆ ಬಾಯಿ ಬಿಟ್ಟಿಲ್ಲ. ದಿನಕ್ಕೆ ಎರಡು ಸಲ ಅದೇ ಗೇಟಲ್ಲಿ ಓಡಾಡ್ತೀನಿ, ನನ್ನ ಕಣ್ಣಿಗೂ ಬೀಳಲಿಲ್ಲ ನೋಡು. ವಯಸ್ಸಾಯ್ತು ನನಗೆ."

ಅಷ್ಟು ಹೇಳಿ ಡಾಕ್ಟರಮ್ಮ ಕೆಮ್ಮುತ್ತಾ ಹೊರಟುಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಪುಟ್ಟತಾಯಮ್ಮ ನೋಡಿದ್ದು ಹೆಗಲನ್ನಲ್ಲ, ಹಂಡೆಯ ಕೆಳಗಿನ ಒಲೆಯನ್ನು. ಡಾಕ್ಟರಮ್ಮನ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ನೋಟೀಸು ಈ ಒಲೆಯಲ್ಲಿ ಉರಿದು ಬೂದಿಯಾಗಿ ಹತ್ತಿರ ಹತ್ತಿರ ಒಂದು ತಿಂಗಳಾಗಿತ್ತು.

ಇದು ಆದದ್ದು ಹೀಗೆ. ದೇವಿರಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಹೆತ್ತವಳು ಹತ್ತು ದಿನ ಇದ್ದು ಹನ್ನೊಂದನೇ ಬೆಳಿಗ್ಗೆ ಮನೆಗೆ ಹೊರಡುತ್ತಾಳೆ. ಮಂಡಿ ಮೊಹಲ್ಲಾದ ಆ ಇಕ್ಕಟ್ಟಿನ ಬೀದಿಯಲ್ಲಿ, ಬೆಲ್ಲದ ಮೂಟೆಯ ಗಾಡಿಗಳ ನಡುವೆ ಹೇಗೋ ಜಾಗ ಮಾಡಿಕೊಂಡು ಗೇಟಿನ ಮುಂದೆ ಜಟಕಾ ನಿಂತಿರುತ್ತದೆ. ಜಟಕಾ ಹತ್ತಿ, ಮಡಿಲಲ್ಲಿ ಮಗು ಮಲಗಿಸಿಕೊಂಡು ಕೂತವಳ ಕಣ್ಣು ಮೊದಲು ಬೀಳುವುದು ಗೇಟಿನ ಪಕ್ಕದ ಗೋಡೆಯ ಮೇಲೆ. ಬಾಣಂತಿ ಮೊದಲು ಕಂಡದ್ದು ಹೇಗೋ ಮಗುವಿನ ಬಾಳು ಹಾಗೆ ಅಂತ ಪುಟ್ಟತಾಯಮ್ಮನ ನಂಬಿಕೆ. ಅವಳಿಗೂ ಮುಂಚೆ ಇದ್ದ ಸೂಲಗಿತ್ತಿ ಬಸಮ್ಮನ ನಂಬಿಕೆಯೂ ಅದೇ. ಆ ಟೆಂಟ್ ಸಿನಿಮಾದವರಿಗೆ ಇದೆಲ್ಲ ಎಲ್ಲಿ ಗೊತ್ತು? ಕತ್ತಿ ಹಿರಿದ ಮೀಸೆಯವನನ್ನು ತಂದು ಅಲ್ಲೇ ಅಂಟಿಸುತ್ತಾರೆ. ಅದು ಬಿಟ್ಟರೆ ಮೂಲವ್ಯಾಧಿ ಔಷಧದ ಕಾಗದ. ಅದನ್ನು ನೋಡಿಕೊಂಡು ಹೋದ ಕೂಸು ಮುಂದೆ ಏನಾಗಬೇಡ? ಅದಕ್ಕೆಂದೇ ಪ್ರತಿ ಶುಕ್ರವಾರ ಬೆಳಿಗ್ಗೆ ಪುಟ್ಟತಾಯಮ್ಮ ತೆಂಗಿನ ಚಿಪ್ಪಿನಿಂದ ಗೋಡೆ ಕೆರೆದು, ಸುಣ್ಣ ಬಳಿದು, ಕಣ್ಣಿನ ಎತ್ತರಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದಳು. ಕೆರೆದ ಕಾಗದವೆಲ್ಲ ಒಲೆಗೆ.

ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ ಗೋಡೆಯ ಮೇಲೆ ಚಿತ್ರವಿಲ್ಲದ ಒಂದು ಕಾಗದವಿತ್ತು. ಕೆಳಗೆ ಕೆಂಪಗೆ ದುಂಡಗೆ ಏನೋ ಮೊಹರು. ಅಕ್ಷರ ಬರದವಳಿಗೆ ಮೂಲವ್ಯಾಧಿಯೂ ಒಂದೇ, ಸರ್ಕಾರವೂ ಒಂದೇ. ಅಂಟು ಗಟ್ಟಿಯಾಗಿದೆ ಅಂತ ಬೈದುಕೊಂಡೇ ಕೆರೆದಿದ್ದಳು.

ಆ ದಿನ ಉಳಿದ ಮೂವರು ಬಾಣಂತಿಯರಿಗೆ ನೀರು ಹಾಕಿದಳೋ ಕಣ್ಣೀರು ಹಾಕಿದಳೋ ಅವಳಿಗೇ ತಿಳಿಯಲಿಲ್ಲ. ಈ ಹಂಡೆ ಅವಳಿಗೆ ಬರಿಯ ಕೆಲಸವಾಗಿರಲಿಲ್ಲ. ಹದಿನೆಂಟು ವರ್ಷದ ಹಿಂದೆ, ಗಂಡ ಸತ್ತ ನಾಲ್ಕನೇ ತಿಂಗಳಿಗೆ, ವರುಣ ಗ್ರಾಮದ ಕಡೆಯಿಂದ ಸೌದೆ ಗಾಡಿಯಲ್ಲಿ ಮಲಗಿಸಿಕೊಂಡು ಬಂದು ಅವಳನ್ನು ಇಲ್ಲಿ ಇಳಿಸಿದ್ದರು. ಮಗು ಉಳಿಯಲಿಲ್ಲ. ಮಗು ಇಲ್ಲದ ಬಾಣಂತಿಗೆ ಆರೈಕೆ ಯಾಕೆ ಅಂತ ಊರಿನಲ್ಲಾದರೆ ಕೇಳುತ್ತಿದ್ದರು. ಬಸಮ್ಮ ಕೇಳಲಿಲ್ಲ. ಹತ್ತು ದಿನ ಎಣ್ಣೆ ತಿಕ್ಕಿ, ಹೊಟ್ಟೆ ಕಟ್ಟಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದಳು. ಬುದ್ಧಿ ತಿಳಿದ ಮೇಲೆ ತನ್ನ ಮೈಗೆ ಬೇರೆಯವರು ಬಿಸಿನೀರು ಹೊಯ್ದದ್ದು ಪುಟ್ಟತಾಯಮ್ಮನಿಗೆ ಅದೇ ಮೊದಲು. ಹನ್ನೊಂದನೇ ದಿನ ಜಟಕಾ ಬರಲಿಲ್ಲ, ಬರುವುದಕ್ಕೆ ಯಾರೂ ಇರಲಿಲ್ಲ. ಅವಳು ಎದ್ದು ಬಚ್ಚಲುಮನೆಗೆ ಹೋಗಿ ಬಸಮ್ಮನ ಕೈಯಿಂದ ಚೊಂಬು ಇಸಿದುಕೊಂಡಳು. ಅವತ್ತಿನಿಂದ ಕೆಳಗಿಟ್ಟಿಲ್ಲ.

ಈಗ ತನ್ನ ಕೈಯಿಂದಲೇ ಅದಕ್ಕೆ ಕುತ್ತು ಬಂದಿತ್ತು.

ಪಕ್ಕದ ಓಣಿಯ ಜವರಯ್ಯ ಅದೇ ಸರ್ಕಾರಿ ಕಚೇರಿಯಲ್ಲಿ ಜವಾನ. ಮಧ್ಯಾಹ್ನ ಅವನು ಊಟಕ್ಕೆ ಬಂದಿದ್ದಾಗ ಪುಟ್ಟತಾಯಮ್ಮ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ, ಸಾಹೇಬರನ್ನು ಕಾಣುವುದು ಹೇಗೆ ಎಂದು ಕೇಳಿದಳು. ಜವರಯ್ಯನ ಕೈಯಲ್ಲಿದ್ದ ರಾಗಿ ಮುದ್ದೆಯ ತುತ್ತು ಸಾರಿನಲ್ಲೇ ಉಳಿಯಿತು.

"ಪುಟ್ಟತಾಯಕ್ಕ, ನಿನ್ ದಮ್ಮಯ್ಯ. ಆ ನೋಟೀಸು ಅಂಟ್ಸಿದ್ದು ನಾನೇ ಕಣಕ್ಕ. ವಾರಕ್ಕೊಂದು ಸಲ ಓಗಿ ನೋಡ್ಕಂಡ್ ಬರಬೇಕಿತ್ತು. ಓಗ್ಲಿಲ್ಲ. ಮೂವತ್ತು ದಿನಾನೂ ಗೋಡೆ ಮೇಲಿತ್ತು ಅಂತ ರುಜು ಆಕ್ಬುಟ್ಟೆ. ನೀನೀಗ ಓಗಿ ಬಾಯ್ಬುಟ್ರೆ ನನ್ ನೌಕರಿ ಒಂಟೋಯ್ತದೆ. ಪಿಂಚಣಿಗೆ ಇನ್ನೆರಡೇ ವರ್ಸ."

"ನಿನ್ ಹೆಸರು ಎತ್ತಕಿಲ್ಲ ಕಣಪ್ಪ. ನಾನ್ ಕಿತ್ತಿದ್ದು ನಾನ್ ಏಳ್ತೀನಿ."

"ಸರ್ಕಾರದ್ ಕಾಗ್ದ ಸುಟ್ಟಿದ್ದೀಯ. ಜೈಲ್ಗಾಕ್ತಾರೆ."

"ಆಕ್ಲಿ ಬುಡು. ಅಲ್ಲಾದ್ರೂ ಬಿಸಿನೀರ್ ಕಾಯ್ಸೋರು ಬೇಕಾಗಿರ್ತಾರೆ," ಅಂದಳು ಪುಟ್ಟತಾಯಮ್ಮ. ಮಾರನೆಯ ದಿನ ಒಗೆದ ಸೀರೆ ಉಟ್ಟು, ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈಮುಗಿದು, ಕಚೇರಿಯ ಮೆಟ್ಟಿಲು ಹತ್ತಿದಳು.

ಈ ಕಾಗದಪತ್ರ ನೋಡುತ್ತಿದ್ದವರು ಶಿರಸ್ತೇದಾರ್ ಅಶ್ವತ್ಥಯ್ಯನವರು. ತೆಳ್ಳಗಿನ ದೇಹ, ಮುಚ್ಚುಗೊರಳಿನ ಕೋಟು, ಜರಿಯಂಚಿನ ರುಮಾಲು. ತನ್ನ ನೆರಳು ಹಿಂದೆ ಬಂದರೂ ಅರ್ಜಿ ಎಲ್ಲಿ ಅಂತ ಕೇಳುವ ಮನುಷ್ಯ ಎಂದು ಕಚೇರಿಯಲ್ಲಿ ಹೆಸರು. ಅವರು ಪುಟ್ಟತಾಯಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆ ಎತ್ತದೆ ಕೇಳಿದರು.

"ಏನಮ್ಮ ವಿಷಯ?"

"ನಾನು ತೆಪ್ಪು ಮಾಡಿವ್ನಿ ಬುದ್ಧಿ. ನೀವು ಗೋಡೆಗೆ ಅಂಟಿಸಿದ್ದ ನೋಟೀಸ ಕಿತ್ತು ಒಲೆಗಾಕ್ಬುಟ್ಟೆ. ನಾಕು ಜನ ಬಾಣಂತೀರು ಆ ನೀರಲ್ಲೇ ಮಿಂದವ್ರೆ."

ಅಶ್ವತ್ಥಯ್ಯನವರ ಲೇಖನಿ ನಿಂತಿತು. "ಯಾವತ್ತು?"

"ಸಂಕ್ರಾಂತಿ ಆಗಿ ಮೊದಲ್ನೇ ಸುಕ್ರವಾರ."

ಅವರು ಕಡತ ಬಿಚ್ಚಿದರು, ಪಂಚಾಂಗ ನೋಡಿದರು, ಮತ್ತೆ ಕಡತ ನೋಡಿದರು. ಯಾಕೆ ಕಿತ್ತೆ ಅಂತ ಕೇಳಿದರು. ಅವಳು ಜಟಕಾದಿಂದ ಹಿಡಿದು ಟೆಂಟ್ ಸಿನಿಮಾದ ಮೀಸೆಯವನವರೆಗೆ ಎಲ್ಲವನ್ನೂ ಹೇಳಿದಳು. ಅವರು ನಗಲೂ ಇಲ್ಲ, ಗದರಲೂ ಇಲ್ಲ, ಒಂದೊಂದು ಮಾತನ್ನೂ ಬರೆದುಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ "ಜವರಯ್ಯ" ಎಂದರು.

ಜವರಯ್ಯ ಬಾಗಿಲ ಹೊರಗೇ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಬಂದ.

"ಮೂವತ್ತು ದಿನ ನೋಟೀಸು ಗೋಡೆ ಮೇಲಿತ್ತು ಅಂತ ಬರೆದಿದ್ದೀಯ. ಈಯಮ್ಮ ಮೂರನೇ ದಿನಕ್ಕೇ ಕಿತ್ತೆ ಅಂತಾರೆ. ಯಾರ ಮಾತು ನಿಜ?"

ಪುಟ್ಟತಾಯಮ್ಮ ತಲೆ ಬಗ್ಗಿಸಿದಳು. ಜವರಯ್ಯ ಒಮ್ಮೆ ಅವಳ ಬೆನ್ನನ್ನು ನೋಡಿದ, ಒಮ್ಮೆ ಮೇಜಿನ ಮೇಲಿದ್ದ ತನ್ನ ರುಜುವನ್ನು ನೋಡಿದ. ಅವನ ಇಬ್ಬರು ಹೆಣ್ಣುಮಕ್ಕಳೂ ಹೆತ್ತದ್ದು ದೇವಿರಮ್ಮ ಆಸ್ಪತ್ರೆಯಲ್ಲೇ.

"ಆಯಮ್ಮಂದೇ ನಿಜ ಬುದ್ಧಿ. ಅಂಟ್ಸಿದ್ ದಿನ ನೋಡ್ದವನು ಆಮೇಲೆ ಆ ಕಡೀಕೆ ಓಗ್ಲೇ ಇಲ್ಲ. ಸುಳ್ಳು ರುಜು ಆಕ್ದೆ."

ಅಶ್ವತ್ಥಯ್ಯನವರು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಶಾಯಿಯ ಡಬ್ಬಿ ಮುಂದಕ್ಕೆ ತಳ್ಳಿದರು. ಪುಟ್ಟತಾಯಮ್ಮ ಹೆಬ್ಬೆಟ್ಟು ಒತ್ತಿದಳು. ಒತ್ತಿ, ಇನ್ನು ಕರೆದುಕೊಂಡು ಹೋಗುತ್ತಾರೆ ಅಂತ ಎದ್ದು ನಿಂತಳು.

"ಎಲ್ಲಿಗೆ ಹೊರಟ್ರಿ?"

"ಜೈಲಿಗೆ ಬುದ್ಧಿ."

"ಅಲ್ಲಿ ನಿಮಗೇನು ಕೆಲಸ?" ಅಶ್ವತ್ಥಯ್ಯನವರು ಕಡತದ ದಾರ ಕಟ್ಟತೊಡಗಿದರು. "ಮೂವತ್ತು ದಿನ ಅಂದ್ರೆ ಮೂವತ್ತು ದಿನ ಕಣಮ್ಮ. ಮೂರು ದಿನ ಅಲ್ಲ. ಜನ ಓದೋಕೆ ನೋಟೀಸೇ ಇರಲಿಲ್ಲ ಅಂದಮೇಲೆ, ಜನ ತಕರಾರು ಹೇಳಲಿಲ್ಲ ಅಂತ ನಾನು ಮೇಲಕ್ಕೆ ಹೇಗೆ ಬರೆದು ಕಳಿಸಲಿ? ಈ ಕಡತ ನಾಳೆ ಹೋಗೋದಿತ್ತು. ಈಗ ಹೋಗೋಲ್ಲ. ಹೊಸ ನೋಟೀಸು, ಹೊಸದಾಗಿ ಮೂವತ್ತು ದಿನ. ಕಡೇ ದಿನ ನಾನೇ ಆಸ್ಪತ್ರೆಗೆ ಬಂದು ವಿಚಾರಣೆ ಮಾಡ್ತೀನಿ. ಹೇಳೋರು ಬಂದು ಹೇಳಲಿ. ಓದು ಬರಬೇಕು ಅಂತಿಲ್ಲ, ಹೆಬ್ಬೆಟ್ಟು ಸಾಕು."

ಪುಟ್ಟತಾಯಮ್ಮನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದದ್ದೇ ಕಣ್ಣು ತುಂಬಿಕೊಂಡು ಬಂತು. ಬಗ್ಗಿ ಕಾಲು ಮುಟ್ಟಲು ಹೋದಳು. ಅವರು ಕುರ್ಚಿ ಸಮೇತ ಹಿಂದಕ್ಕೆ ಸರಿದರು.

"ಅದೆಲ್ಲ ಬೇಡ. ಒಂದು ಉಪಕಾರ ಮಾಡಿ. ಈ ಮೂವತ್ತು ದಿನ ಆ ಗೋಡೆ ತಂಟೆಗೆ ಹೋಗಬೇಡಿ." ಆಮೇಲೆ ಜವರಯ್ಯನ ಕಡೆ ನೋಡಿದರು. "ನಿನಗೆ ಎಚ್ಚರಿಕೆ ಕೊಟ್ಟಿದ್ದೀನಿ ಅಂತ ಬರೀತೀನಿ. ಕೇಳಿದಾಗ ನಿಜ ಹೇಳಿದ ಅಂತಾನೂ ಬರೀತೀನಿ. ಈ ಸಲ ದಿನಾ ಹೋಗಿ ನೋಡಿಕೊಂಡು ಬಾ."

ಮೆಟ್ಟಿಲಿಳಿಯುತ್ತಾ ಪುಟ್ಟತಾಯಮ್ಮ ಹೆಬ್ಬೆಟ್ಟಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ದೇವರು ಯಾವ ಯಾವ ವೇಷದಲ್ಲಿ ಬರುತ್ತಾನೋ, ಮುಚ್ಚುಗೊರಳಿನ ಕೋಟು ಹಾಕಿಕೊಂಡೂ ಬರುತ್ತಾನೆ ಅಂದುಕೊಂಡಳು.

ಆ ಮೂವತ್ತು ದಿನ ಅವಳ ಕಾಲಿಗೆ ಬಿಡುವಿರಲಿಲ್ಲ. ಬೆಳಿಗ್ಗೆ ಹಂಡೆ, ಮಧ್ಯಾಹ್ನ ಬೀದಿ. ಯಾರ ಮನೆಯ ಕೂಸು ಯಾವ ಹಬ್ಬಕ್ಕೆ ಹುಟ್ಟಿದ್ದು, ಯಾವುದು ಕಾಲು ಮುಂದಾಗಿ ಬಂದದ್ದು, ಎಲ್ಲ ಅವಳಿಗೆ ಬಾಯಿಪಾಠ. ಬೀಡಿ ಕಟ್ಟುವವರ ಮನೆಗೆ ಹೋದಳು, ಹೂವಿನವರ ಮನೆಗೆ ಹೋದಳು, ಅಗ್ರಹಾರದಲ್ಲಿ ಮೇಷ್ಟರ ಹೆಂಡತಿ ನಾಗಮಣಿಯನ್ನೂ ಬಿಡಲಿಲ್ಲ. "ನಾನುಯ್ದ ನೀರು ನೆಪ್ಪಿದ್ರೆ ಬನ್ರವ್ವ," ಎಂದಷ್ಟೇ ಹೇಳಿ ಬಂದಳು. ಗೋಡೆಯ ಮೇಲಿನ ಹೊಸ ನೋಟೀಸಿನ ಮೇಲೆ ತನ್ನ ಚಿತ್ರ ಅಂಟಿಸಲು ಟೆಂಟ್ ಸಿನಿಮಾದವನು ಒಂದು ದಿನ ಅಂಟಿನ ಡಬ್ಬ ಹಿಡಿದುಕೊಂಡು ಬಂದಾಗ ಅವಳೂ ಜವರಯ್ಯನೂ ಇಬ್ಬರೂ ಸೇರಿ ಅವನನ್ನು ಮಾರ್ಕೆಟ್‌ ತನಕ ಓಡಿಸಿದ ಸುದ್ದಿ ಇವತ್ತಿಗೂ ಮೊಹಲ್ಲಾದಲ್ಲಿ ಹೇಳುತ್ತಾರೆ.

ವಿಚಾರಣೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುತ್ತಿರಲಿಲ್ಲ. ಸೀರೆಯವರು, ಬುರ್ಖಾದವರು, ಕಂಕುಳಲ್ಲಿ ಕೂಸು, ಸೆರಗು ಹಿಡಿದು ಇನ್ನೆರಡು. ಅಶ್ವತ್ಥಯ್ಯನವರು ಬೆಂಚಿನ ಮೇಲೆ ಕೂತು ಒಬ್ಬೊಬ್ಬರಿಗೂ ಎರಡೇ ಪ್ರಶ್ನೆ ಕೇಳಿದರು: ಎಷ್ಟು ದಿನ ಇದ್ದಿರಿ, ಏನು ಆರೈಕೆ ಸಿಕ್ಕಿತು. ಹೆಂಗಸರು ಹತ್ತು ಉತ್ತರ ಕೊಟ್ಟರು. ಅಲಮೇಲು ಅವರೂ ಎದ್ದು ನಿಂತು, "ಮೊದಮೊದಲು ಈ ಬಚ್ಚಲುಮನೆ ಮೌಢ್ಯ ಅಂತಿದ್ದವಳು ನಾನು. ಹೆತ್ತ ಹತ್ತು ದಿನ ಚೊಕ್ಕಟವಾಗಿ, ಬೆಚ್ಚಗೆ, ಕೆಲಸವಿಲ್ಲದೆ ಇದ್ದದ್ದಕ್ಕೇ ಎಷ್ಟೋ ಜನ ಉಳಿದರು. ಅದನ್ನ ಕಲಿಸಿದ್ದು ಪುಟ್ಟತಾಯಿ," ಎಂದರು. ಪುಟ್ಟತಾಯಮ್ಮ ಕಂಬದ ಹಿಂದೆ ಸರಿದು ಸೆರಗು ಬಾಯಿಗೆ ಒತ್ತಿಕೊಂಡಳು.

ಕೊಳ್ಳಲು ಬಂದಿದ್ದ ಡಾಕ್ಟರ್ ರಾಮಸ್ವಾಮಿ ಕೆಟ್ಟವರೇನಲ್ಲ. ಇನ್ನೂ ಚಿಕ್ಕ ವಯಸ್ಸು. "ಇಡೀ ಆಸ್ಪತ್ರೆಯನ್ನ ಧರ್ಮಕ್ಕೆ ನಡೆಸೋ ಶಕ್ತಿ ನನಗಿಲ್ಲ ಸ್ವಾಮಿ. ಇದು ಇವರಿಗೆ ಇಷ್ಟೊಂದು ಅಂತ ನನಗ್ಯಾರೂ ಹೇಳಿರಲಿಲ್ಲ," ಎಂದು ಅಂಗಳವನ್ನೇ ನೋಡುತ್ತಾ ಹೇಳಿದರು.

ಅಶ್ವತ್ಥಯ್ಯನವರು ಮಾಲೀಕರ ಕಡೆ ತಿರುಗಿದರು. "ಗೋವಿಂದರಾಜು ಅವರೇ, ನಿಮ್ಮ ತಂದೆ ರಾಮಯ್ಯನವರು ಬೆಲ್ಲದ ಮಂಡಿಯವರು. ಅವರು ಯಾಕೆ ಹೆರಿಗೆ ಆಸ್ಪತ್ರೆ ಕಟ್ಟಿಸಿದ್ರು?"

ಗೋವಿಂದರಾಜು ಬೆವರು ಒರೆಸಿಕೊಂಡರು. "ದೇವಿರಮ್ಮ ನಮ್ಮಕ್ಕ. ಬಾಣಂತಿ ಸನ್ನೀಲಿ ಹೋದ್ಲು. ಪುಷ್ಯ ಮಾಸದ ಚಳಿ, ಹಿಂದ್ಗಡೆ ಕೋಣೇಲಿ ಹಾಕಿದ್ರು. ನಮ್ಮಪ್ಪ ಸಾಯೋವರ್ಗೂ ತಣ್ಣೀರ್ ಮುಟ್ಟಿದಾಗೆಲ್ಲ ಅವಳ ಹೆಸರು ಹೇಳೋರು." ಆಮೇಲೆ ದನಿ ತಗ್ಗಿಸಿ, "ನನಗೂ ವಯಸ್ಸಾಯ್ತು ಸ್ವಾಮಿ. ನಡೆಸೋರಿಲ್ಲ. ಮಾರದೆ ಇದ್ರೆ ಬಾಗಿಲು ಹಾಕ್ಬೇಕಾಗ್ತದೆ. ನೀವು ಹೆಂಗೆ ಹೇಳಿದ್ರೆ ಹಂಗೆ," ಎಂದರು.

ಅಶ್ವತ್ಥಯ್ಯನವರು ಅದನ್ನೂ ಬರೆದುಕೊಂಡರು. ಎದ್ದು ಹೊರಟವರ ಮುಂದೆ ಪುಟ್ಟತಾಯಮ್ಮ ಬಾಳೆಲೆಯಲ್ಲಿ ಕಟ್ಟಿದ ಅಂಟಿನುಂಡೆ ಹಿಡಿದಳು. ಬಾಣಂತಿಯರಿಗೆ ಕಟ್ಟುವ ಉಂಡೆಯೇ, ಇನ್ನೊಂದಿಷ್ಟು ಕೊಬ್ಬರಿ ಹೆಚ್ಚು ಹಾಕಿ ಕಟ್ಟಿದ್ದಳು.

"ವಿಚಾರಣೆಗೆ ಬಂದವನು ಏನೂ ಮುಟ್ಟೋ ಹಾಗಿಲ್ಲ ಕಣಮ್ಮ."

"ಅಂಗಂದ್ರೆ ಎಂಗೆ ಬುದ್ಧಿ? ಬರಿಗೈಲಿ ಎಂಗ್ ಕಳಿಸಲಿ? ನನ್ ಜೀವಕ್ಕೆ ಸಮಾಧಾನ ಬೇಡ್ವಾ?"

ಅವರು ಬಚ್ಚಲುಮನೆಯ ಕಡೆ ನೋಡಿದರು. ಹಂಡೆಯ ಮೇಲೆ ಹಬೆ ಆಡುತ್ತಿತ್ತು. "ಒಂದು ಲೋಟ ನೀರು ಕೊಡಿ. ಅದಕ್ಕೆ ಯಾವ ರೂಲೂ ಅಡ್ಡ ಬರೋಲ್ಲ," ಎಂದರು. ಅವಳು ಕುಡಿಯುವ ನೀರನ್ನೇ ಬಿಸಿ ಮಾಡಿ ತಂದುಕೊಟ್ಟಳು. ಬಿಸಿಲಿನಲ್ಲಿ ನಿಂತು, ಊದಿ ಊದಿ ಅವರು ಲೋಟ ಖಾಲಿ ಮಾಡಿದರು.

ಹುಕುಮು ಬಂದದ್ದು ಬೇಸಿಗೆ ಕಳೆದ ಮೇಲೆ. ಅಲಮೇಲು ಅಂಗಳದಲ್ಲಿ ನಿಂತು ಓದಿ ಹೇಳಿದರು. ಆಸ್ಪತ್ರೆಯನ್ನು ರಾಮಸ್ವಾಮಿಯವರಿಗೆ ಮಾರಲು ಸರ್ಕಾರದ ಒಪ್ಪಿಗೆ ಇದೆ. ಆದರೆ ಆರು ಹಾಸಿಗೆ ಧರ್ಮದ್ದಾಗಿಯೇ ಉಳಿಯತಕ್ಕದ್ದು. ಹೆತ್ತವರಿಗೆ ಹತ್ತು ದಿನದ ಆರೈಕೆಯೂ ಬಿಸಿನೀರಿನ ಸ್ನಾನವೂ ತಪ್ಪತಕ್ಕದ್ದಲ್ಲ. ಈ ಷರತ್ತು ಈಗ ಕೊಂಡವರಿಗೂ, ಅವರಿಂದ ಮುಂದೆ ಕೊಳ್ಳುವವರಿಗೂ, ಅವರಿಂದಾಚೆಗೆ ಕೊಳ್ಳುವವರಿಗೂ ಅನ್ವಯಿಸತಕ್ಕದ್ದು. ವರ್ಷಕ್ಕೊಮ್ಮೆ ಸರ್ಕಾರದವರು ಬಂದು ನೋಡತಕ್ಕದ್ದು. ಇದರ ನಕಲನ್ನು ಎಲ್ಲರಿಗೂ ಕಾಣುವಂತೆ ಗೇಟಿನ ಗೋಡೆಯ ಮೇಲೆ ಅಂಟಿಸತಕ್ಕದ್ದು.

"ಅವರಾಚೆಗೆ ಕೊಳ್ಳೋರ್ಗೂ ಅಂತ ಐತಾ ಅವ್ವ?" ಎಂದು ಪುಟ್ಟತಾಯಮ್ಮ ಎರಡನೇ ಸಲ ಕೇಳಿದಳು.

"ಇದೆ ಕಣೆ. ನಾವು ಸತ್ತ ಮೇಲೂ ಇದೆ."

ರಾಮಸ್ವಾಮಿಯವರು ಎಕ್ಸ್‌ರೇ ಕೋಣೆಯನ್ನು ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಕಟ್ಟಿಸಿದರು. ಹಂಡೆಗೆ ಕಲಾಯಿ ಹಾಕಿಸಿಕೊಟ್ಟವರೂ ಅವರೇ.

ಗೌರಿ ಹಬ್ಬದ ಹಿಂದಿನ ಶುಕ್ರವಾರ. ಹೂವಿನವರ ಸೊಸೆ ದೇವರಾಜಮ್ಮ ಹತ್ತು ದಿನದ ಹೆಣ್ಣುಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಜಟಕಾದಲ್ಲಿ ಕೂತಿದ್ದಳು. ಪುಟ್ಟತಾಯಮ್ಮ ಆಗತಾನೇ ಗೋಡೆಗೆ ಸುಣ್ಣ ಬಳಿದು ಮುಗಿಸಿದ್ದಳು. ಗೋಡೆಯೆಲ್ಲ ಬೆಳ್ಳಗೆ, ನಡುವೆ ಹುಕುಮಿನ ಕಾಗದದಗಲ ಮಾತ್ರ ಹಾಗೇ ಬಿಟ್ಟಿದ್ದಳು. ಅದರ ಮೇಲೆ ಮಳೆ ಬೀಳದ ಹಾಗೆ ಜವರಯ್ಯ ಸೀಮೆಎಣ್ಣೆ ಡಬ್ಬದ ತಗಡು ಬಗ್ಗಿಸಿ ಪುಟ್ಟ ಸೂರು ಹೊಡೆದಿದ್ದ.

"ಅದೇನ್ ಪುಟ್ಟತಾಯವ್ವ, ಎಲ್ಲಾ ಬಳಿದು ಅದೊಂದ್ ಬುಟ್ಟಿದ್ದೀಯ? ಏನ್ ಬರ್ದದೆ ಅದ್ರಲ್ಲಿ?"

"ನಿಂಗೆ ಓದಕ್ ಬತ್ತದಾ?"

"ಇಲ್ಲ."

"ನಂಗೂ ಬರಕಿಲ್ಲ," ಎಂದಳು ಪುಟ್ಟತಾಯಮ್ಮ. ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು, ಒಂದು ಅಕ್ಷರಕ್ಕೂ ತಾಗದ ಹಾಗೆ ಕಾಗದದ ಮೂಲೆಗೆ ಇಟ್ಟಳು. ಆಮೇಲೆ ಜಟಕಾದ ಹತ್ತಿರ ಹೋಗಿ, ಕೂಸಿನ ಮುಖಕ್ಕೆ ಮುಚ್ಚಿದ್ದ ಬಟ್ಟೆಯನ್ನು ಕೊಂಚ ಸರಿಸಿದಳು.

"ನೋಡ್ಕಂಡ್ ಹೋಗ್ರವ್ವ, ಇಬ್ರೂವೆ."